ಹಡಗಿನ ಹೊಟ್ಟೆನೋವು

ನೊರೊವೈರಸ್ ವಾಂತಿ-ಭೇದಿಯ ವೈರಸ್. 1968ರಲ್ಲಿ ಅಮೆರಿಕದ ನಾರ್ವಾಕ್ ಊರಿನ ಶಾಲೆಯೊಂದರಲ್ಲಿ ಹೊಟ್ಟೆ ಕೆಡಿಸಿ, ಹೆಸರನ್ನೂ ಅಲ್ಲಿಂದಲೇ ಹೊತ್ತುಕೊಂಡು ಬಂತು. ಹೆಸರು ಕೆಡಿಸಿಕೊಂಡದ್ದು ಮಾತ್ರ ವಿಹಾರದ ಹಡಗುಗಳು. ಸಾವಿರಾರು ಜನ ಒಂದೇ ಕಂಬಿ, ಒಂದೇ ಸೌಟು ಹಿಡಿದರೆ ಇನ್ನೇನಾದೀತು? ಒಬ್ಬರನ್ನು ಮಲಗಿಸಲು ಇಪ್ಪತ್ತು ಕಣಗಳಷ್ಟಿದ್ದರೂ ಸಾಕು. ಸ್ಯಾನಿಟೈಸರ್‌ಗೆ ಇದು ಅಷ್ಟಾಗಿ ಜಗ್ಗುವುದಿಲ್ಲ. ಸೋಪು, ನೀರು, ತಿಕ್ಕುವ ತಾಳ್ಮೆ ಬೇಕು. ಅಮೆರಿಕದ ಲೆಕ್ಕದಲ್ಲಿ ಹಡಗಿನ ಶೇ 3ರಷ್ಟು ಜನ ಮಲಗಿದರೆ ಅದು ಸುದ್ದಿ.

ತೆಲಂಗಾಣದ ಝರಾಸಂಗಂ ಊರಿಗೆ ಸಮುದ್ರವಿಲ್ಲ, ಕೇತಕಿ ಸಂಗಮೇಶ್ವರ ಗುಡಿಯ ಗುಂಡ, ಅಂದರೆ ಪುಷ್ಕರಿಣಿ ಇದೆ. ಶಿವರಾತ್ರಿ ಜಾತ್ರೆಯ ನೂಕುನುಗ್ಗಲು ಹಡಗಿನ ಊಟದ ಸಾಲಿಗೇನೂ ಕಡಿಮೆಯಲ್ಲ. ಆದರೆ ಹಡಗಿನಲ್ಲಿ ಹೊಟ್ಟೆ ಕೆಟ್ಟವನಿಗೆ ಕೋಣೆಯೊಳಗೆ ದಿಗ್ಬಂಧನ. ಇಲ್ಲಿ ಜಹೀರಾಬಾದ್ ಬಸ್ಸಿನ ಕಿಟಕಿ ಸೀಟು.