ಹಾವಿಲ್ಲದ ದೇಶದ ಸಂತ

ನಮ್ಮ ಸಿಂಗಟಗೆರೆ ಸೀಮೆಯಲ್ಲಿ ಮಳೆಗೆ ಬರ ಬಂದೀತು, ಹಾವಿಗೆ ಬಾರದು. ತೋಟದಲ್ಲಿ ಒಟ್ಟಿದ ತೆಂಗಿನ ಗರಿ, ರಾಗಿ ಹುಲ್ಲಿನ ಬಣವೆ, ಬದುವಿನ ಮೇಲಿನ ಹುತ್ತ ಎಲ್ಲವೂ ಅದರದೇ ಆಸ್ತಿ. ನಾವು ಪಹಣಿಯಲ್ಲಿ ಹೆಸರು ಬರೆಸಿಕೊಂಡವರು, ಅಷ್ಟೆ. ಆದ್ದರಿಂದ ಡಬ್ಲಿನ್ನಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಸೋದರಳಿಯ ಫೋನಿನಲ್ಲಿ, “ಅಜ್ಜಿ, ಈ ದೇಶದಲ್ಲಿ ಹಾವೇ ಇಲ್ಲ. ಒಬ್ಬ ಸಂತ ಎಲ್ಲಾನೂ ಸಮುದ್ರಕ್ಕೆ ಓಡಿಸಿಬಿಟ್ಟನಂತೆ” ಎಂದಾಗ ನಮ್ಮಮ್ಮನಿಗೆ ಭಕ್ತಿ ಹುಟ್ಟಲಿಲ್ಲ, ಚಿಂತೆ ಹತ್ತಿತು. “ಹಂಗಾದ್ರೆ ಇಲಿ ಹಿಡಿಯೋರು ಯಾರೋ? ಪಂಚಮಿಗೆ ತನಿ ಎಲ್ಲಿ ಎರೀತೀಯಾ?”

ಆ ಸಂತ ಪ್ಯಾಟ್ರಿಕ್. ಬೆಂಗಳೂರಿನ ಬ್ರಿಗೇಡ್ ರಸ್ತೆಯ ಕಡೆ ಓಡಾಡಿದವರು ಅವನ ಹೆಸರಿನ ಚರ್ಚನ್ನು ನೋಡಿರುತ್ತಾರೆ. ಐದನೇ ಶತಮಾನದವನು. ಹುಡುಗನಾಗಿದ್ದಾಗ ಬ್ರಿಟನ್ನಿನಿಂದ ಅವನನ್ನು ಹಿಡಿದೊಯ್ದು ಐರ್ಲೆಂಡಿನಲ್ಲಿ ಜೀತಕ್ಕಿಟ್ಟರು. ಆರು ವರ್ಷ ದನಕುರಿ ಕಾಯ್ದು, ತಪ್ಪಿಸಿಕೊಂಡು, ಆಮೇಲೆ ಅದೇ ನೆಲಕ್ಕೆ ಧರ್ಮ ಹೇಳಲು ಮರಳಿದ. ಮಾರ್ಚ್ 17 ಅವನ ಹಬ್ಬ. ಊರೆಲ್ಲ ಹಸಿರುಟ್ಟು ಕುಣಿಯುತ್ತದೆ. ಅವನೇ ಬರೆದ ಆತ್ಮನಿವೇದನೆ ಇಂದಿಗೂ ಉಳಿದಿದೆ. ಅದರಲ್ಲಿ ಹಾವಿನ ಸುದ್ದಿಯೇ ಇಲ್ಲ.

ಐರ್ಲೆಂಡಿನಲ್ಲಿ ಹಾವಿಲ್ಲವೆಂದು ಸೊಲಿನಸ್ ಎಂಬ ರೋಮನ್ ಲೇಖಕ ಬರೆದಿಟ್ಟದ್ದು ಮೂರನೇ ಶತಮಾನದಲ್ಲಿ, ಅಂದರೆ ಪ್ಯಾಟ್ರಿಕ್ ಹುಟ್ಟುವ ಮೊದಲೇ. ಹಿಮಯುಗ ಮುಗಿದು ಹಾವುಗಳು ಉತ್ತರಕ್ಕೆ ಹರಿಯುವ ಹೊತ್ತಿಗೆ ನಡುವೆ ಕಡಲು ನಿಂತಿತ್ತು. ಇಲ್ಲದ್ದನ್ನು ಓಡಿಸಿದ ಪವಾಡವೇ ಎಲ್ಲಕ್ಕಿಂತ ಸಲೀಸು. ಬೇಕಾದರೆ ಸಿಂಗಟಗೆರೆಯಿಂದ ತಿಮಿಂಗಿಲಗಳನ್ನು ಓಡಿಸಿದ ಕೀರ್ತಿಗೆ ನಾನೂ ಅರ್ಜಿ ಹಾಕಬಹುದು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಹಳೆಯ ದೇವತೆಗಳನ್ನು ಮತ್ತೆ ಪೂಜಿಸಲು ಹೊರಟಿರುವ ಇಂದಿನ ಪೇಗನ್ನರಲ್ಲಿ ಕೆಲವರು, “ಆ ಹಾವು ಅಂದರೆ ನಾವೇ! ಅವನು ಓಡಿಸಿದ್ದು ನಮ್ಮ ಡ್ರೂಯಿಡ್ ಪೂಜಾರಿಗಳನ್ನು” ಎನ್ನುತ್ತಾರೆ. ಮಾರ್ಚ್ 17ರಂದು ಎದೆಗೆ ಹಾವಿನ ಬಿಲ್ಲೆ ಸಿಕ್ಕಿಸಿಕೊಳ್ಳುವವರೂ ಇದ್ದಾರೆ. ಬೈಗುಳವನ್ನೇ ಬಿರುದು ಮಾಡಿಕೊಳ್ಳುವ ಈ ಗತ್ತು ನನಗೆ ಹಿಡಿಸಿತು. ಆದರೆ ಲೆಕ್ಕ ಕೂಡುವುದಿಲ್ಲ. ಪ್ಯಾಟ್ರಿಕ್ ಸತ್ತು ಎಷ್ಟೋ ಕಾಲದವರೆಗೆ ಅಲ್ಲಿ ಹಳೆಯ ಆಚರಣೆಗಳು ಉಳಿದಿದ್ದವು. ಡ್ರೂಯಿಡರನ್ನು ಸಾಮೂಹಿಕವಾಗಿ ಅಟ್ಟಿದ ದಾಖಲೆಯಿಲ್ಲ. ಹಾವೆಂದರೆ ಪೇಗನ್ನರು ಎಂಬ ಅರ್ಥ ತೀರಾ ಈಚಿನದು. ಇದನ್ನು ಪೇಗನ್ನರಲ್ಲೇ ಓದಿಕೊಂಡ ಕೆಲವರು ಒಪ್ಪುತ್ತಾರೆ, ಪಾಪ, ತುಸು ಬೇಸರದಿಂದ.

ಅವರು ಹಿಡಿಯಬೇಕಾದ ಜಾಗ ಬೇರೆಯೇ ಇದೆ. ಪ್ಯಾಟ್ರಿಕ್ ನಲವತ್ತು ದಿನ ಉಪವಾಸ ಕೂತನೆಂಬ ಕ್ರೋ ಪ್ಯಾಟ್ರಿಕ್ ಬೆಟ್ಟವನ್ನು ಜುಲೈ ಕೊನೆಯ ಭಾನುವಾರ ಸಾವಿರಾರು ಜನ ಹತ್ತುತ್ತಾರೆ, ಕೆಲವರು ಬರಿಗಾಲಲ್ಲಿ. ಅದು ಲೂ ದೇವರ ಹೆಸರಿನ ಹಳೆಯ ಸುಗ್ಗಿಹಬ್ಬದ ಕಾಲ. ಬೆಟ್ಟದ ಯಾತ್ರೆಯ ಬೇರು ಆ ಹಬ್ಬದಲ್ಲೇ ಇದೆಯೆಂದು 1962ರಲ್ಲಿ ಮೋಯ್ರ ಮ್ಯಾಕ್‌ನೀಲ್ ದಪ್ಪ ಪುಸ್ತಕವನ್ನೇ ಬರೆದರು. ದೀಪಾವಳಿಗೆ ಬರಿಗಾಲಲ್ಲಿ ದೇವೀರಮ್ಮನ ಬೆಟ್ಟ ಹತ್ತುವ ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ದೇವರು ಬದಲಾದರೂ ಬೆಟ್ಟ ಕದಲುವುದಿಲ್ಲ. ಕಾಲಿಗೆ ಚುಚ್ಚುವ ಕಲ್ಲೂ ಅದೇ.

ನಮ್ಮಲ್ಲಿ ಯಾವ ಸಂತನೂ ಹಾವನ್ನು ಓಡಿಸಲು ಹೋಗಲಿಲ್ಲ. ಶಿವ ಕೊರಳಿಗೆ ಸುತ್ತಿಕೊಂಡ, ಜೈನರ ಪಾರ್ಶ್ವನಾಥನಿಗೆ ಅದೇ ಕೊಡೆಯಾಯಿತು. ಶೃಂಗೇರಿಯಲ್ಲಿ ಪ್ರಸವವೇದನೆಯ ಕಪ್ಪೆಗೆ ಹೆಡೆಯೆತ್ತಿ ನೆರಳು ಕೊಟ್ಟಿತೆಂಬ ಕಥೆಗೆ ತುಂಗೆಯ ದಡದಲ್ಲಿ ಕಪ್ಪೆ ಶಂಕರನೇ ಸಾಕ್ಷಿ. ಹಾಗೆಂದು ಬೀಗುವಂತಿಲ್ಲ. ಹನ್ನೆರಡನೇ ಶತಮಾನದ ಕೊನೆಗೆ ಜೋಸೆಲಿನ್ ಎಂಬ ಸನ್ಯಾಸಿ ಪ್ಯಾಟ್ರಿಕ್ಕನ ಚರಿತ್ರೆಯಲ್ಲಿ ಹಾವು ಓಡಿಸಿದ ಕಥೆ ಬರೆದ. ಅದೇ ಶತಮಾನದಲ್ಲಿ ಬಸವಣ್ಣ, ಕಲ್ಲಿನ ಹಾವಿಗೆ ಹಾಲು, ಜೀವದ ಹಾವಿಗೆ ಏಟು, ಇದೆಂಥ ಭಕ್ತಿಯೆಂದು ನಮ್ಮನ್ನೇ ಕೇಳಿದ್ದರು. ಪಂಚಮಿಯ ದಿನ ಚಿಗಳಿ ತಂಬಿಟ್ಟು ಮುಗಿಸಿ, ಮರುದಿನ ಬಣವೆಯ ಹತ್ತಿರ ದೊಣ್ಣೆ ಹಿಡಿದು ನಿಂತವರನ್ನು ನಾನು ಬಲ್ಲೆ; ಅವರಲ್ಲಿ ನನ್ನ ನೆಂಟರೇ ಹೆಚ್ಚು.

ಹಾವು ಹಾಲು ಕುಡಿಯುವುದಿಲ್ಲ. ಬರುವ ಪಂಚಮಿಗೆ ಕಲ್ಲಿಗೆ ಒಂದು ಹನಿ ಎರೆದು ಮಿಕ್ಕಿದ್ದನ್ನು ಮಕ್ಕಳಿಗೆ ಕೊಡಿ. ತೋಟದಲ್ಲಿ ನಿಜವಾದದ್ದೇ ಎದುರಾದರೆ ದೊಣ್ಣೆ ಕೆಳಗಿಟ್ಟು ಹಾವು ಹಿಡಿಯುವವರಿಗೆ ಫೋನ್ ಮಾಡಿ. ಕಚ್ಚಿದರೆ ಮಂತ್ರ ಹಾಕುವವರ ಮನೆ ಬಾಗಿಲಲ್ಲಿ ಕೂರಬೇಡಿ, ಸೀದಾ ಕಡೂರಿನ ಸರ್ಕಾರಿ ಆಸ್ಪತ್ರೆಗೆ ಹೋಗಿ.