ಎಲೆ ತೊಳೆದೆವು, ಕೈ ಉಳಿಯಿತು

ಬಾರ್ಕೂರನ್ನಾಳಿದ ಭೂತಾಳ ಪಾಂಡ್ಯನ ಹೆಸರಿನಲ್ಲಿ ನಡೆದು ಬಂದ ಅಳಿಯಕಟ್ಟಿನಲ್ಲಿ ಆಸ್ತಿ ಮಾವನಿಂದ ಸೋದರಳಿಯನಿಗೆ ಹೋಗುತ್ತಿತ್ತು. ಮಗ ಬಾಯಿ ಬಿಟ್ಟು ನೋಡಬೇಕಿತ್ತು. ಮಳೆಗಾಲದ ಫ್ಲೂ ಜ್ವರಕ್ಕೆ ಆ ಪಂಕ್ತಿಭೇದವಿಲ್ಲ. ಮಾವ ಅಂಗೈಗೆ ಸೀನಿ ಅದೇ ಕೈಯಲ್ಲಿ ಬಾಗಿಲ ಚಿಲಕ ಹಿಡಿದರೆ ಸಾಕು: ಮಗ, ಅಳಿಯ, ಸೊಸೆ, ಹಾಲು ತಂದ ಹುಡುಗ, ಎಲ್ಲರಿಗೂ ಪೂರ್ತಿ ಪಾಲು. ಕೋರ್ಟಿಲ್ಲ, ತಕರಾರಿಲ್ಲ.

ಹಾಗೆಂದು ನಮ್ಮನ್ನು ತೊಳೆಯದ ಜನ ಅನ್ನುವಂತಿಲ್ಲ. ದಿನಕ್ಕೊಂದರಂತೆ 365 ದೇವಸ್ಥಾನಗಳಿದ್ದವೆಂದು ಹೇಳಿಕೊಳ್ಳುವ ಊರು ಈ ಬಾರ್ಕೂರು. ಕಾಲು ತೊಳೆಯದೆ ಒಳಗೆ ಹೋದವರುಂಟೆ? ಕಾಲು ತೊಳೆದು, ಊರೆಲ್ಲ ಎಳೆದ ಗಂಟೆಯ ಹಗ್ಗ ಎಳೆದು, ಅದೇ ಅಂಗೈ ಚಾಚಿ ತೀರ್ಥ ಕುಡಿಯುತ್ತೇವೆ. ಫ್ಲೂ ಪಾದದಿಂದ ಹರಡುವಂತಿದ್ದರೆ ಈ ಸೀಮೆಯಲ್ಲಿ ಒಬ್ಬರಿಗೂ ಜ್ವರ ಬರುತ್ತಿರಲಿಲ್ಲ.

ಮದುವೆಯೂಟಕ್ಕೆ ಬನ್ನಿ. ಬಾಳೆಲೆಗೆ ನೀರು ಚಿಮುಕಿಸಿ, ನಾಲ್ಕು ಸಲ ಸವರಿ, ನೀರನ್ನು ಶಾಸ್ತ್ರೋಕ್ತವಾಗಿ ಆಚೆ ಜಾರಿಸುತ್ತೇವೆ. ಸವರಿದ ಕೈ ಮಾತ್ರ ಬಸ್ಸಿನ ಕಂಬಿ, ಹತ್ತರ ನೋಟು, ನೆಂಟರಿಷ್ಟರ ಕೈಗಳನ್ನೆಲ್ಲ ಮುಟ್ಟಿ ಬಂದದ್ದು. "ಹ್ವಾಯ್, ಕೈ ತೊಳ್ಕಂಡ್ ಬನ್ನಿ" ಎಂದರೆ "ಎದ್ರೆ ಸೀಟ್ ಹೋತ್ತ್ ಮಾರಾಯ್ರೆ" ಎಂಬ ಉತ್ತರ. ಉಂಡಾದ ಮೇಲೆ ನೋಡಿ, ನಳ್ಳಿಯ ಮುಂದೆ ಸಾಲು, ಸೋಪಿಗೆ ನೂಕಾಟ! ಸಾರಿನ ವಾಸನೆ ಹೋಗಬೇಕಲ್ಲ. ಹೊಟ್ಟೆಗೆ ಏನು ಹೋಯಿತೆಂಬ ಚಿಂತೆ ಯಾರಿಗೂ ಇಲ್ಲ.

ಫ್ಲೂ ವೈರಸ್ಸಿನ ಮೈಮೇಲಿರುವುದು ಕೊಬ್ಬಿನ ತೆಳು ಹೊದಿಕೆ. ಬಂಗುಡೆಯ ಜಿಡ್ಡು ಬಿಡಿಸುವ ಸೋಪೇ ಅದನ್ನೂ ಒಡೆಯುತ್ತದೆ. 20 ಸೆಕೆಂಡು ಬೆರಳ ಸಂದಿಯೆಲ್ಲ ಉಜ್ಜಬೇಕು, ಅಷ್ಟೆ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಕೈ ತೊಳೆಸಿದಾಗ ಬಾಣಂತಿಯರ ಸಾವು ಇಳಿಯಿತು, ಅನೇಕ ಡಾಕ್ಟರುಗಳ ಮುಖ ಊದಿತು. ನಮ್ಮಂಥವರ ಕೈ ಕೊಳಕೇ ಎಂದು! ನಮ್ಮ ಪಂಕ್ತಿಯಲ್ಲೂ ಅದೇ ಸಿಟ್ಟು.

ಇನ್ನು ಮಾಸ್ಕು. ಕೊರೋನಾ ಕಾಲದಲ್ಲಿ, 2020ರ ಅಕ್ಟೋಬರಿನಲ್ಲಿ, ರಾಜ್ಯ ಸರ್ಕಾರ ಮಾಸ್ಕಿಲ್ಲದವರ ದಂಡವನ್ನು ನಗರಗಳಲ್ಲಿ 250ಕ್ಕೆ, ಉಳಿದೆಡೆ 100 ರೂಪಾಯಿಗೆ ಇಳಿಸಿತು. ವೈರಸ್ಸು ಹಳ್ಳಿಯವರಿಗೆ ರಿಯಾಯಿತಿ ಕೊಟ್ಟಿತೋ ಇಲ್ಲವೋ ಗೊತ್ತಿಲ್ಲ. ಪೊಲೀಸ್ ಜೀಪು ಕಂಡರೆ ಮಾಸ್ಕು ಮೂಗಿನ ಮೇಲೆ, ಜೀಪು ದಾಟಿದರೆ ಗದ್ದದಲ್ಲಿ. ಸೀನು ಬಂದಾಗ ಮಾಸ್ಕು ಹೊಲಸಾದೀತೆಂದು ಕೆಳಗಿಳಿಸಿ, ಪಕ್ಕದವರ ಮೇಲೆ ಸೀನಿ, ಮತ್ತೆ ಮರ್ಯಾದೆಯಿಂದ ಏರಿಸಿಕೊಂಡ ಮಹನೀಯರೂ ಇದ್ದರು. 1918ರ ಫ್ಲೂ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮಾಸ್ಕ್ ಕಡ್ಡಾಯ ಮಾಡಿತು. 1919ರಲ್ಲಿ ಅಲ್ಲಿನವರು ಮಾಸ್ಕ್ ವಿರೋಧಿ ಸಂಘವನ್ನೇ ಕಟ್ಟಿದರು. ನಮಗೆ ಸಂಘ ಬೇಕಾಗಲಿಲ್ಲ, ಗದ್ದ ಇತ್ತು.

ದಂಡ ಹೋಯಿತು, ಹಿಂದೆಯೇ ಮಾಸ್ಕೂ ಹೋಯಿತು. ಈಗ ಶೀತವಾದವರು ಮಾಸ್ಕ್ ಹಾಕಿ ಬಸ್ಸು ಹತ್ತಿದರೆ ಜನ ಸರಿದು ಕೂರುತ್ತಾರೆ. ಹಾಕದೆ ಕೆಮ್ಮಿದರೆ ಹತ್ತಿರ ಬಂದು ಕಾಳುಮೆಣಸಿನ ಕಷಾಯದ ಅಳತೆ ಹೇಳುತ್ತಾರೆ. ಕಷಾಯ ಸೋತರೆ ಕ್ಲಿನಿಕ್ಕು: "ಒಂದ್ ಸೂಜಿ ಹಾಕಿ ಡಾಕ್ಟ್ರೆ, ನಾಳೆ ಮದಿಗ್ ಹೋಯ್ಕ್." ಆಂಟಿಬಯೋಟಿಕ್ ಫ್ಲೂ ವೈರಸ್ಸಿಗೆ ತಾಗುವುದೇ ಇಲ್ಲ ಎಂದು ಹೇಳುವ ಡಾಕ್ಟರಿಗೆ ಕೈಗುಣವಿಲ್ಲ ಎಂಬ ಹೆಸರು ಬರುತ್ತದೆ.

ಫ್ಲೂ, ಜ್ವರ ಕಾಣುವ ಹಿಂದಿನ ದಿನದಿಂದಲೇ ಹರಡತೊಡಗಿ ಆಮೇಲೂ ಐದಾರು ದಿನ ಹರಡುತ್ತದೆ. ಅಜ್ಜ ಅಜ್ಜಿಯರು, ಬಸುರಿಯರು, ಸಕ್ಕರೆ ಕಾಯಿಲೆಯವರಲ್ಲಿ ನ್ಯುಮೋನಿಯಾಕ್ಕೆ ತಿರುಗಬಹುದು. ಆದ್ದರಿಂದ ಮೈ ಬಿಸಿಯಿದ್ದರೆ ಮುಯ್ಯಿಯ ಲಕೋಟೆಯನ್ನು ನೆರೆಮನೆಯವರ ಕೈಯಲ್ಲಿ ಕಳಿಸಿ ಮಲಗಿಬಿಡಿ. ನೀವು ಬರಲಿಲ್ಲವೆಂದು ಯಾವ ಮದುವೆಯೂ ನಿಲ್ಲುವುದಿಲ್ಲ.