ಸೆಕೆಂಡ್ ಹಾಫಣ್ಣ

ಯಾವ ಸಿನಿಮಾ ಹೇಗಿದೆ ಎಂದು ಕೇಳಿದರೂ ಅವನ ತೀರ್ಪು ಒಂದೇ: 'ಫಸ್ಟ್ ಹಾಫ್ ಪರವಾಗಿಲ್ಲ. ಸೆಕೆಂಡ್ ಹಾಫ್ ಲ್ಯಾಗ್.' ಹಾಗಾಗಿ ಜವನಗೊಂಡನಹಳ್ಳಿಯ ಹುಡುಗರು ಅವನಿಗೆ ಸೆಕೆಂಡ್ ಹಾಫಣ್ಣ ಎಂದು ಹೆಸರಿಟ್ಟರು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಪಹಣಿಯಲ್ಲಿ, ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. 2024ರಲ್ಲಿ ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರವೊಂದು ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಅಜ್ಜಿಯೊಬ್ಬಳು ಕೋಳಿ ಕದ್ದು ಊರಿಗೆ ಬೆಳಗೇ ಆಗದಂತೆ ಮಾಡುವ ಕತೆ. ಚಿತ್ರದ ಅವಧಿ 16 ನಿಮಿಷ. ಸುದ್ದಿಯನ್ನು ಪೇಪರಿನಲ್ಲಿ ಓದಿ ಹೇಳಿದ ಹುಡುಗನಿಗೆ ಅಣ್ಣ ಹೇಳಿದ್ದು: 'ಎಂಟು ನಿಮಿಷ ಆದ್ಮೇಲೆ ಎಳೆದಿರ್ತಾನೆ ಬಿಡು.' ಚಿತ್ರವನ್ನು ಅವನು ನೋಡಿರಲಿಲ್ಲ. ನೋಡುವ ಅಗತ್ಯವೂ ಅವನಿಗೆ ಕಂಡಿರಲಿಲ್ಲ.

ಇಂಥವನೊಬ್ಬ ಪ್ರತಿ ಹೋಬಳಿಯಲ್ಲೂ ಇರುತ್ತಾನೆ. ಆದರೆ ಜವನಗೊಂಡನಹಳ್ಳಿಯವನಿಗೆ ಜಾಗದ ಅನುಕೂಲ ಹೆಚ್ಚು. ಬೆಂಗಳೂರಿನಿಂದ ಬರುವಾಗ ಶಿರಾ ದಾಟಿ, ಹಿರಿಯೂರು ಇನ್ನೂ ಬರಬೇಕು ಎನ್ನುವಾಗ ಹೆದ್ದಾರಿಯ ಮಗ್ಗುಲಿಗೆ ಸಿಗುವ ಊರು ಇದು. ಪೀಣ್ಯದಲ್ಲಿ, ದಾಸರಹಳ್ಳಿಯಲ್ಲಿ ಕೆಲಸಕ್ಕಿರುವ ಹುಡುಗರು ಶನಿವಾರ ರಾತ್ರಿ ಬಸ್ಸಿಳಿಯುವಾಗ ಬಟ್ಟೆ ಬ್ಯಾಗಿನ ಜೊತೆಗೆ ಆ ವಾರದ ಸಿನಿಮಾವನ್ನೂ ಹೊತ್ತು ತರುತ್ತಾರೆ. ಭಾನುವಾರ ಬೆಳಿಗ್ಗೆ ಟೀ ಹೋಟೆಲಿನ ಬೆಂಚಿನ ಮೇಲೆ ಅದರ ಪಂಚಾಯ್ತಿ. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ, ಬೈಟು ಟೀ. ಅಣ್ಣ ಮೊದಲು ಮಾತಾಡುವುದಿಲ್ಲ. ಎಲ್ಲರೂ ಹೇಳಿ ಮುಗಿಸುವ ತನಕ ಬಜ್ಜಿಯೊಳಗಿನ ಮೆಣಸಿನಕಾಯಿಯನ್ನು ಎರಡು ಬೆರಳಲ್ಲಿ ಎಳೆದು, ಬೀಜ ಕೊಡವಿ, ತಟ್ಟೆಯ ಅಂಚಿಗೆ ಇಡುತ್ತಾನೆ. ಆಮೇಲೆ ಗಂಟಲು ಸರಿಮಾಡಿಕೊಳ್ಳುತ್ತಾನೆ.

2025ರ ಜುಲೈನಲ್ಲಿ ಜೇಮ್ಸ್ ಗನ್ ನಿರ್ದೇಶನದ 'ಸೂಪರ್‌ಮ್ಯಾನ್' ಬಂದಾಗ ತುಮಕೂರಿನಲ್ಲಿ ಓದುವ ಹುಡುಗನೊಬ್ಬ ಬೆಂಚಿನ ಮೇಲೆ ಕೂರದೆ ನಿಂತೇ ಅರ್ಧ ಗಂಟೆ ವಿವರಿಸಿದ. ಹಾರುವುದು, ಬೀಳುವುದು, ಕ್ರಿಪ್ಟೊ ಎಂಬ ನಾಯಿ ಬಂದು ಒಡೆಯನನ್ನು ಹಿಮದ ಮೇಲೆ ಎಳೆದುಕೊಂಡು ಹೋಗುವುದು, ಎಲ್ಲವೂ ಬಂತು. ಅಣ್ಣ ಕೇಳಿದ ಮೊದಲ ಪ್ರಶ್ನೆ: 'ಆ ನಾಯಿಗೆ ಹಿಂದಗಡೆ ಬಟ್ಟೆ ಕಟ್ಟಿದ್ದು ಯಾರು?' ಎರಡನೆಯದು: 'ಚಡ್ಡಿ ಇನ್ನೂ ಮೇಲೇ ಹಾಕ್ಕೊಂಡವ್ನಾ?' ಹನ್ನೆರಡು ವರ್ಷದ ಹಿಂದಿನ ಸೂಪರ್‌ಮ್ಯಾನ್ ಆ ಕೆಂಪು ಚಡ್ಡಿ ಬಿಟ್ಟಿದ್ದ, ಈ ಸಲ ವಾಪಸ್ ಬಂದಿದೆ ಎಂದು ಹುಡುಗ ಒಪ್ಪಿಕೊಳ್ಳಬೇಕಾಯಿತು. ನಾಯಿ ವಿಷಯಕ್ಕೆ ಬಂದರೆ '777 ಚಾರ್ಲಿ'ಯ ಮುಂದೆ ಇದು ನಿಲ್ಲುವುದಿಲ್ಲ ಎಂದು ಬೆಂಚು ಸರ್ವಾನುಮತದಿಂದ ತೀರ್ಮಾನಿಸಿತು. ಭಾರತದ ಸೆನ್ಸಾರ್ ಮಂಡಳಿ ಈ ಚಿತ್ರದ 33 ಸೆಕೆಂಡಿನ ಚುಂಬನಕ್ಕೆ ಕತ್ತರಿ ಹಾಕಿದ್ದು ದೇಶವೆಲ್ಲ ಚರ್ಚೆಯಾಗಿತ್ತು. ಅಣ್ಣ ಮಂಡಳಿಯ ಪರ ನಿಂತ. ಸಂಸ್ಕೃತಿಯ ಕಾರಣಕ್ಕಲ್ಲ. 'ಅಷ್ಟಾದ್ರೂ ಲ್ಯಾಗ್ ಕಮ್ಮಿ ಆಯ್ತಲ್ಲ.'

ಅವನು ಸೂಪರ್ ಹೀರೋಗಳ ದ್ವೇಷಿ ಎಂದುಕೊಂಡರೆ ತಪ್ಪಾಗುತ್ತದೆ. 2024ರ ಸಂಕ್ರಾಂತಿಗೆ ಬಂದ ತೆಲುಗಿನ 'ಹನುಮಾನ್' ಅವನಿಗೆ ಇಷ್ಟ. ಮಣಿ ಹನುಮಂತನದು, ಆದ್ದರಿಂದ ಶಕ್ತಿ ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಇಲ್ಲ. ಅವನ ತಕರಾರೆಲ್ಲ ಮೂಲದಾಖಲೆ ಸರಿಯಿಲ್ಲದ ವೀರರ ಬಗ್ಗೆ. ಜೇಡ ಕಚ್ಚಿದರೆ ಗೋಡೆ ಹತ್ತುವುದಾದರೆ, ಶೇಂಗಾ ಹೊಲದಲ್ಲಿ ಚೇಳು ಕಚ್ಚಿಸಿಕೊಂಡ ತನಗೆ ಏನೂ ಬರಲಿಲ್ಲವೇಕೆ ಎಂದು ಅವನು ಕೇಳುತ್ತಾನೆ. ಇದಕ್ಕೆ ತುಮಕೂರಿನ ಹುಡುಗನ ಬಳಿ ಇನ್ನೂ ಉತ್ತರವಿಲ್ಲ.

2025ರ ಆಗಸ್ಟ್ ಕೊನೆಗೆ ಬಂದ ಮಲಯಾಳಂನ 'ಲೋಕಾ'ದಲ್ಲಿ ಅವನಿಗೆ ಸುಗ್ಗಿಯೇ ಸಿಕ್ಕಿತು. ಕೇರಳದ ಯಕ್ಷಿ ಕತೆಯನ್ನು ಸೂಪರ್ ಹೀರೋಯಿನ್ ಮಾಡಿ, ಕಲ್ಯಾಣಿ ಪ್ರಿಯದರ್ಶನ್ ಅವರನ್ನು ಬೆಂಗಳೂರಿನ ರಾತ್ರಿಯಲ್ಲಿ ಇಳಿಸಿದ ಚಿತ್ರ ಅದು. ಮಲಯಾಳಂ ಚಿತ್ರರಂಗದ ಒಟ್ಟು ಗಳಿಕೆಯ ದಾಖಲೆಯನ್ನು ಮುರಿಯಿತು. ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಅದರಲ್ಲಿದ್ದ ಮಾತೊಂದಕ್ಕೆ ವಿರೋಧ ಎದ್ದು, ನಿರ್ಮಾಪಕರು ಕನ್ನಡಿಗರ ಕ್ಷಮೆ ಕೇಳಿ ಆ ಮಾತನ್ನು ಸರಿಪಡಿಸುವುದಾಗಿ ಹೇಳಿದರು. ಬೆಂಚಿನ ಮೇಲೆ ಉಳಿದವರೆಲ್ಲ ಆ ಮಾತಿನ ಮೇಲೆ ಬಿದ್ದಿದ್ದಾಗ ಅಣ್ಣ ಮಾತ್ರ ಖಳನ ಹೆಸರು ಹಿಡಿದುಕೊಂಡ. ಇನ್‌ಸ್ಪೆಕ್ಟರ್ ನಾಚಿಯಪ್ಪ ಗೌಡ!

'ನಂಜಪ್ಪ ಗೌಡ ಗೊತ್ತು, ನಾಗಪ್ಪ ಗೌಡ ಗೊತ್ತು. ನಾಚಿಯಪ್ಪ ಗೌಡ ಯಾವ ಹೋಬಳಿನಪ್ಪ? ಸರ್ವೆ ನಂಬರ್ ಕೊಡು, ಹುಡುಕನ.'

ಯಕ್ಷಿ ನೂರಾರು ವರ್ಷ ಬದುಕಿರುವುದು ಅವನಿಗೆ ಅಡ್ಡಿಯಾಗಲಿಲ್ಲ. ಗೌಡರ ಹೆಸರು ತಪ್ಪಿದ್ದು ಅಡ್ಡಿಯಾಯಿತು. ದೊಡ್ಡ ಪತ್ರಿಕೆಗಳ ವಿಮರ್ಶಕರು ಬೆಳಕು, ಬಣ್ಣ, ಹಿನ್ನೆಲೆ ಸಂಗೀತ ಎಂದು ಬರೆದುಕೊಂಡು ಹೋದ ಜಾಗದಲ್ಲಿ ಇವನು ಹಿಡಿದ ಹುಳುಕು ನಿಜವಾದ ಹುಳುಕೇ. ಇಷ್ಟನ್ನು ಅವನಿಗೆ ಬಿಟ್ಟುಕೊಡಲೇಬೇಕು.

ಬೆಂಚಿನ ಆ ತುದಿಗೆ ಕೂರುವ ಯಜಮಾನರದು ಬೇರೆ ಪಂಥ. ಹಬ್ಬ ಜಾತ್ರೆಗಳಲ್ಲಿ ಆಡುವ ಕುರುಕ್ಷೇತ್ರ ನಾಟಕದಲ್ಲಿ ಅವರು ಭೀಮ. ಈ ಸೀಮೆಯಲ್ಲಿ ಪಾತ್ರಧಾರಿಗೆ ಸಂಭಾವನೆ ಇಲ್ಲ. ಪಾತ್ರಧಾರಿಯೇ ದುಡ್ಡು ಹಾಕಿ ಪಾತ್ರ ಪಡೆಯಬೇಕು, ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಕೂತು ಕಂದಪದ್ಯ ಕಲಿಯಬೇಕು. ಹೀಗೆ ಸ್ವಂತ ಖರ್ಚಿನಲ್ಲಿ ವೀರನಾದವರಿಗೆ ಸಂಬಳ ತಗೊಂಡು ವೀರರಾದವರ ಮೇಲೆ ಗೌರವ ಕಮ್ಮಿ. ಥಾರ್‌ನ ಸುತ್ತಿಗೆಯನ್ನು ಯೋಗ್ಯನಲ್ಲದವನು ಎತ್ತಲಾರ ಎಂದು ಹುಡುಗರು ಹೇಳಿದಾಗ ಯಜಮಾನರು ನಕ್ಕರು.

'ಸೌಗಂಧಿಕಾ ಪುಷ್ಪ ತರಕ್ಕೆ ಹೋದಾಗ ಭೀಮ್ಸೇನ ಹನುಮಂತನ ಬಾಲ ಎತ್ತಕ್ಕಾಗದೆ ಬೆವರಿದ್ನಲ್ಲ, ಅದನ್ನೇ ಕದ್ದವ್ರೆ. ಬಾಲ ತೆಗೆದು ಸುತ್ತಿಗೆ ಇಟ್ಟವ್ರೆ.' ಆಮೇಲೆ ಇನ್ನೊಂದು ಲೋಪ ಹುಡುಕಿದರು. 'ಹೊಡೆದಾಡಕ್ಕೆ ಮುಂಚೆ ಒಂದು ಕಂದನಾದ್ರೂ ಬೇಡ್ವಾ? ಕಂದ ಇಲ್ದೆ ಗದೆ ಎತ್ತಿದ್ರೆ ಅದು ಯುದ್ಧ ಅಲ್ಲ, ಬೀದಿ ಜಗಳ.'

ಈ ಮಾತಿಗೆ ಹುಡುಗರು ಬೇರೆ ದಾರಿ ಹಿಡಿದರು. ನಮ್ಮ ಕಡೆಯವರನ್ನೇ ಹಾಕಿ ಒಂದು ಯೂನಿವರ್ಸ್ ಮಾಡಬಾರದೇಕೆ? ಚಿತ್ರದುರ್ಗದ ಕೋಟೆಯಲ್ಲಿ ಒನಕೆ ಓಬವ್ವ ಇದ್ದಾಳೆ. ಪಕ್ಕದ ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಕಾಡುಗೊಲ್ಲರ ಜುಂಜಪ್ಪ ಇದ್ದಾನೆ. ಅವನ ಕೈಯಲ್ಲಿ ಗಣೆ ಎಂಬ ಉದ್ದನೆಯ ಬಿದಿರ ಕೊಳಲು ಇದೆ, ಅದರ ನಾದಕ್ಕೆ ಹಾವು ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆಯೂ ಇದೆ. ಸುತ್ತಿಗೆಗಿಂತ ಕಮ್ಮಿಯೇನು? ಎಲ್ಲರೂ ಅಣ್ಣನ ಮುಖ ನೋಡಿದರು. ಅಣ್ಣ ಯೋಚಿಸಿದ. ಜುಂಜಪ್ಪನ ಕಾವ್ಯವನ್ನು ಹಟ್ಟಿಗಳಲ್ಲಿ ರಾತ್ರಿಯೆಲ್ಲ ಹಾಡುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. 'ಮಧ್ಯರಾತ್ರಿ ಆದ್ಮೇಲೆ ಎಳೆಯುತ್ತೆ,' ಎಂದ.

ಹೀಗೆ ತೀರ್ಪು ಕೊಡುವುದು ಈ ಜಿಲ್ಲೆಗೆ ಹೊಸದಲ್ಲ. ದುರ್ಗದ ಕಲ್ಲುಬಂಡೆಗಳನ್ನು ರಾಜ್ಯವೆಲ್ಲ ನೋಡುವಂತೆ ಮಾಡಿದ ಪುಟ್ಟಣ್ಣ ಕಣಗಾಲರ 'ನಾಗರಹಾವು' 1972ರ ಕೊನೆಯಲ್ಲಿ ಬಂತು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದ ಕತೆ, ವಿಷ್ಣುವರ್ಧನ್ ರಾಮಾಚಾರಿ, ಜಯಂತಿ ಓಬವ್ವ. ಜನ ಮುಗಿಬಿದ್ದರು. ಮೆಚ್ಚದಿದ್ದ ಒಬ್ಬರೆಂದರೆ ತಳುಕಿನ ಮನೆತನದ ಕಾದಂಬರಿಕಾರರೇ. ತಾವು ಬರೆದ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರು ಎಂದರಂತೆ. ಐವತ್ತು ವರ್ಷ ದಾಟಿದರೂ ಈ ಜಿಲ್ಲೆಯಲ್ಲಿ ಅದಕ್ಕಿಂತ ಚಿಕ್ಕದಾದ, ಅದಕ್ಕಿಂತ ವಿಷವಿರುವ ವಿಮರ್ಶೆ ಬಂದಿಲ್ಲ. ಅದೇ ತ.ರಾ.ಸು. ಕಾದಂಬರಿಯಿಂದ ಜಿ.ವಿ. ಅಯ್ಯರ್ 1975ರಲ್ಲಿ 'ಹಂಸಗೀತೆ' ಮಾಡಿದರು, ರಾಷ್ಟ್ರಪ್ರಶಸ್ತಿಯೂ ಬಂತು. ಸೆಕೆಂಡ್ ಹಾಫಣ್ಣನಿಗೆ ಎರಡೂ ಗೊತ್ತು. ಮೊದಲನೆಯದನ್ನು ಎಷ್ಟು ಸಲ ನೋಡಿದ್ದಾನೋ ಲೆಕ್ಕವಿಲ್ಲ. ಎರಡನೆಯದನ್ನು ಗೌರವಿಸುತ್ತಾನೆ, ಅಂದರೆ ನೋಡಿಲ್ಲ.

'ಅವಾರ್ಡ್ ಸಿನಿಮಾ' ಎಂಬುದು ಅವನ ಬಾಯಲ್ಲಿ ಒಂದು ಕಾಯಿಲೆಯ ಹೆಸರಿನಂತೆ ಬರುತ್ತದೆ. ಸೂಪರ್ ಹೀರೋ ಹಾರಿದರೆ ತರ್ಕ ಕೇಳುವವನು, ಅವಾರ್ಡ್ ಸಿನಿಮಾದಲ್ಲಿ ಯಾರೂ ಹಾರುವುದಿಲ್ಲವಲ್ಲ ಎಂದು ಕೊರಗುತ್ತಾನೆ. ರಾಮ್ ರೆಡ್ಡಿಯವರ 'ತಿಥಿ' 2016ರಲ್ಲಿ ತೆರೆಗೆ ಬರುವ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಪ್ರಶಸ್ತಿ ಗೆದ್ದಿತ್ತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರೇ ಪಾತ್ರಧಾರಿಗಳು. ಸೆಂಚುರಿ ಗೌಡ ಸಾಯುತ್ತಾನೆ, ಮಗ ಗಡ್ಡಪ್ಪ ಬ್ರಾಂದಿ ಬಾಟಲಿ ಹಿಡಿದು ನಡೆಯುತ್ತಿರುತ್ತಾನೆ, ಮೊಮ್ಮಗ ತಮ್ಮಣ್ಣ ಜಮೀನು ಮಾರಲು ಬದುಕಿರುವ ಅಪ್ಪನನ್ನೇ ಕಾಗದದಲ್ಲಿ ಸಾಯಿಸಲು ಓಡಾಡುತ್ತಾನೆ. ಸಿನಿಮಾ ಗೊತ್ತಿಲ್ಲದವರಿಗೂ ಪೌತಿ ಖಾತೆ ಗೊತ್ತಿರುವ ಊರು ಇದು. ಇದರ ಮಾತು ಬಂದ ದಿನ ಬೆಂಚಿನ ಮೇಲೆ ಯಾರಿಗೂ ಬಿಡುವಿಲ್ಲ. ಮರಣ ಪ್ರಮಾಣಪತ್ರಕ್ಕೆ ಅಷ್ಟು ಲಂಚ ಬೇಕಾಗುತ್ತಾ? ವಂಶವೃಕ್ಷ ಮಾಡಿಸಿದ್ನಾ? ಹೆಣ್ಣುಮಕ್ಕಳ ಸಹಿ ತಗೊಂಡ್ನಾ? ಒಂದು ಗಂಟೆಯ ಬಳಿಕ ಇಬ್ಬರು ತಮ್ಮ ಸ್ವಂತ ಖಾತೆ ಜಗಳಕ್ಕೆ ಇಳಿದಿದ್ದರು. ಅಣ್ಣನೇ ಬಿಡಿಸಬೇಕಾಯಿತು.

'ಸಿನಿಮಾದಲ್ಲಿ ಕತೆನೇ ಇಲ್ಲ,' ಎಂದು ಅವನು ಆಮೇಲೆ ಷರಾ ಬರೆದ.

ಟಿಕೆಟ್ ದರ ಅವನ ಇನ್ನೊಂದು ಅಧ್ಯಯನ ವಿಷಯ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್ 12ರಂದು ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿದಾಗ ಬೆಂಗಳೂರಿಗೆ ಹೋಗಿ ಒಂದು ಹಾಲಿವುಡ್ ಸಿನಿಮಾ ನೋಡಿಯೇ ಬರುತ್ತೇನೆಂದು ಘೋಷಿಸಿದ. ಬಸ್ ಚಾರ್ಜಿನ ಲೆಕ್ಕ ಹಾಕುತ್ತಿರುವಾಗಲೇ 23ರಂದು ಹೈಕೋರ್ಟ್ ತಡೆ ಕೊಟ್ಟಿತು. 'ಹನ್ನೊಂದನೇ ದಿನಕ್ಕೆ ತಿಥಿ ಆಯ್ತು' ಎಂದ. ವರ್ಷಗಳಲ್ಲಿ ಅವನು ಆಡಿದ ಮಾತುಗಳಲ್ಲಿ ಊರು ನೆನಪಿಟ್ಟುಕೊಂಡಿದ್ದು ಇದೊಂದೇ.

ಹಾಗಾದರೆ ಅವನು ಸಿನಿಮಾ ನೋಡುವುದೆಲ್ಲಿ? ತೋಟದ ಪಂಪ್ ಮನೆಯಲ್ಲಿ. ಈ ಕಡೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಅಡಿಕೆ ಗಿಡಕ್ಕೆ ನೀರು ಹಾಯಿಸುವವನು ಸ್ಟಾರ್ಟರ್ ಪಕ್ಕದಲ್ಲೇ ಕಾದು ಕೂರಬೇಕು. ಗೋಣಿಚೀಲ ಹಾಸಿಕೊಂಡು, ಗಾಜು ಸೀಳಿದ ಫೋನನ್ನು ಪೈಪಿಗೆ ಆನಿಸಿ ಸಿನಿಮಾ ಹಾಕುತ್ತಾನೆ. ಇಂಟರ್ವಲ್ ಹೊತ್ತಿಗೆ ಕರೆಂಟು ಬರುತ್ತದೆ. ಬಟನ್ ಒತ್ತು, ವಾಲ್ವ್ ತಿರುಗಿಸು, ಒಡೆದ ಡ್ರಿಪ್ ಪೈಪಿಗೆ ಬಟ್ಟೆ ಸುತ್ತು, ಮುಂದಿನ ಸಾಲಿಗೆ ಓಡು. ಜಗತ್ತಿನ ಸಿನಿಮಾಗಳ ಉತ್ತರಾರ್ಧವೆಲ್ಲ ಅವನಿಗೆ ತಲುಪಿರುವುದು ಹೀಗೆ, ಮೂರು ನಿಮಿಷ ಇಲ್ಲಿ, ಐದು ನಿಮಿಷ ಅಲ್ಲಿ, ನಡುವೆ ಮೊಣಕಾಲುದ್ದ ಕೆಸರು. ಒಂದೇ ಒಂದು ಚಿತ್ರದ ಬಗ್ಗೆ ಅವನಿಂದ ದೂರಿಲ್ಲ. 2021ರ ಕ್ರಿಸ್‌ಮಸ್‌ಗೆ ಬಂದ 'ಮಿನ್ನಲ್ ಮುರಳಿ'. ಹಳ್ಳಿಯ ಟೈಲರ್‌ಗೆ ಸಿಡಿಲು ಹೊಡೆದು ಶಕ್ತಿ ಬರುವ ಆ ಕತೆಯನ್ನು ಕನ್ನಡದ ಡಬ್ಬಿಂಗ್‌ನಲ್ಲೇ ನೋಡಿದ್ದ. ಸೆಕೆಂಡ್ ಹಾಫ್ ಹೇಗಿತ್ತು ಎಂದರೆ, 'ಬೆಂಕಿ.' ಆ ರಾತ್ರಿ ಫೀಡರ್ ಕೆಟ್ಟು ಬೆಳಗಿನವರೆಗೂ ಕರೆಂಟು ಬಂದಿರಲಿಲ್ಲ ಎಂದು ಪಕ್ಕದ ತೋಟದವನು ಹೇಳುತ್ತಾನೆ.

ಅವನಿಗೆ ಸರಿಯಾದ ಎದುರಾಳಿ ಸಿಕ್ಕಿದ್ದು 'ಶಿವಮ್ಮ ಯರೇಹಂಚಿನಾಳ'ದಲ್ಲಿ. ಜೈಶಂಕರ್ ಆರ್ಯರ್ ನಿರ್ದೇಶಿಸಿ ರಿಷಬ್ ಶೆಟ್ಟಿ ನಿರ್ಮಿಸಿದ ಈ ಚಿತ್ರಕ್ಕೆ 2022ರಲ್ಲಿ ಬೂಸಾನ್ ಚಿತ್ರೋತ್ಸವದ ಪ್ರಶಸ್ತಿ ಬಂತು, ಥಿಯೇಟರಿಗೆ ಬರಲು 2024ರ ಜೂನ್ ಆಯಿತು. ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರ ಬಿಸಿಯೂಟದ ಅಡುಗೆಯಾಕೆ, ಹಾಸಿಗೆ ಹಿಡಿದ ಗಂಡ, ಮಗಳ ಮದುವೆಗೆಂದು ಇಟ್ಟ ದುಡ್ಡು. ಅದನ್ನು ತೆಗೆದು ಆಕೆ ಶಕ್ತಿ ಕೊಡುವ ಪುಡಿ ಮಾರುವ ನೆಟ್‌ವರ್ಕ್ ವ್ಯಾಪಾರಕ್ಕೆ ಹಾಕುತ್ತಾಳೆ. ಊರವರಿಗೆಲ್ಲ ಮೆಂಬರ್ ಆಗಿ ಎಂದು ಗಂಟು ಬೀಳುತ್ತಾಳೆ.

ಈ ಚಿತ್ರವನ್ನು ಫೋನಿನಲ್ಲಿ ನೋಡಿದ್ದ ಊರಿನ ಬಿಸಿಯೂಟದ ಅಕ್ಕ, ಅದರ ಮಾತು ಬಂದ ದಿನ ಹಾಲು ತಗೊಳ್ಳಲು ಹೋಟೆಲಿಗೆ ಬಂದಿದ್ದಳು. ಐದು ಸಾವಿರವನ್ನೂ ಮುಟ್ಟದ ಗೌರವಧನದಲ್ಲಿ ನೂರಾರು ಮಕ್ಕಳಿಗೆ ಅನ್ನ ಸಾರು ಮಾಡುವವಳು. ಬೆಂಚಿನವರು ಸಿನಿಮಾ ಬಗ್ಗೆ ಅವಳನ್ನು ಯಾವತ್ತೂ ಕೇಳಿರಲಿಲ್ಲ, ಅವಳೇ ನಿಂತಳು. ಅಣ್ಣ ಆಗ ತಾನೇ ಶುರುಮಾಡಿದ್ದ. ಇಂಥ ಸಿನಿಮಾದಲ್ಲಿ ಹೀರೋ ಯಾರು, ವಿಲನ್ ಯಾರು ಗೊತ್ತಾಗುವುದಿಲ್ಲ, ಕ್ಲೈಮ್ಯಾಕ್ಸ್ ಕೂಡ ಸರಿಯಿಲ್ಲ, ನೋಡಿದವನಿಗೆ ಸಮಾಧಾನ ಆಗಬೇಕು ಎಂದು ಹೇಳುತ್ತಿದ್ದ.

'ವಿಲನ್ ಯಾರು ಅಂತ ನಂಗೊತ್ತು ಕಣಣ್ಣ,' ಎಂದಳು ಅಕ್ಕ. 'ಆರು ವರ್ಷದ ಹಿಂದೆ ಮಂಡಿ ನೋವಿಗೆ ಅಂತ ನಂಗೆ ಪುಡಿ ಡಬ್ಬ ಕೊಟ್ಟು ಮೆಂಬರ್ ಮಾಡಿಸ್ಕೊಂಡಿದ್ದು ಯಾರು? ನಿನ್ನ ಪಂಪ್ ಮನೆ ಅಟ್ಟದ ಮೇಲೆ ಇನ್ನೂ ಎಷ್ಟು ಡಬ್ಬ ಅವೆ?'

ಬೆಂಚು ನಿಶ್ಶಬ್ದವಾಯಿತು. ಯಜಮಾನರು ಮೀಸೆಯಲ್ಲೇ ನಕ್ಕರು. ಅಣ್ಣ ತಟ್ಟೆಯ ಅಂಚಿನಲ್ಲಿಟ್ಟಿದ್ದ ಮೆಣಸಿನಕಾಯಿಯನ್ನು ಬೀಜದ ಸಮೇತ ಬಾಯಿಗೆ ಹಾಕಿಕೊಂಡು, ಅದು ಬೇರೆ ವಿಷಯ ಕಣಕ್ಕ, ನಾನು ಮಾತಾಡ್ತಿರೋದು ಕ್ಲೈಮ್ಯಾಕ್ಸ್ ಬಗ್ಗೆ ಎಂದ.

'ನನ್ನ ಎಂಟು ಸಾವಿರ ವಾಪಸ್ ಕೊಡು,' ಎಂದಳು ಅಕ್ಕ, ಹಾಲಿನ ಪ್ಯಾಕೆಟ್ ಚೀಲಕ್ಕೆ ಹಾಕಿಕೊಳ್ಳುತ್ತಾ. 'ಕ್ಲೈಮ್ಯಾಕ್ಸ್ ತಾನಾಗೇ ಸರಿಹೋಗುತ್ತೆ.'